‘ಆಗಲ್ಲ’ ಅನ್ನುವ ಹೊತ್ತು

ಮಾಗಡಿ ಕಡೆ ಕಣದಲ್ಲಿ ರಾಗಿ ತೂರಲು ನಿಂತವನು ಮೊರ ಎತ್ತುವ ಮೊದಲು ಒಂದು ಹಿಡಿ ಹೊಟ್ಟು ಮೇಲಕ್ಕೆಸೆದು ನೋಡುತ್ತಾನೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಸಾಮಾನ್ಯವಾಗಿ ಮೂಡಲ ಗಾಳಿ. ಹೊಟ್ಟು ಪಡುವಲಕ್ಕೆ ಹಾರುತ್ತದೆ. ಅದೇ ದಿನಗಳಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿಯಲ್ಲಿ ವಿಮಾನಗಳು ಬಹುಮಟ್ಟಿಗೆ ಮೂಡಲಕ್ಕೆ ಮುಖಮಾಡಿ ಇಳಿಯುತ್ತವೆ. ಮುಂಗಾರಿನಲ್ಲಿ ಗಾಳಿ ತಿರುಗಿತೋ, ಇಳಿಯುವ ದಿಕ್ಕೂ ತಿರುಗುತ್ತದೆ. ಡಾಂಬರು ಅದೇ, ಮೂಡಲ ಮುಖವಾದರೆ ರನ್‌ವೇ 09, ಪಡುವಲ ಮುಖವಾದರೆ 27. ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿಗಳ ಹೆಸರು ಎರಡನೇ ವಿಮಾನ ನಿಲ್ದಾಣಕ್ಕೆ ಕೇಳಿಬಂದಾಗಿನಿಂದ ನಮ್ಮ ಕಡೆ ಎಲ್ಲರ ಮಾತೂ ಎಕರೆಯ ಬೆಲೆಯದ್ದೇ. ಗಾಳಿಯ ಬಗ್ಗೆ ಯಾರೂ ಕೇಳುವುದಿಲ್ಲ.

ಕಣದಲ್ಲಿ ಗಾಳಿ ನೋಡುವವನೂ ತೂರುವವನೂ ಒಬ್ಬನೇ. ವಿಮಾನದ ವಿಷಯದಲ್ಲಿ ಹಾಗಲ್ಲ: ಯಾವ ರನ್‌ವೇ ಎಂದು ಹೇಳುವವರು ಟವರಿನ ಕಂಟ್ರೋಲರ್, ಇಳಿಸುವವರು ಪೈಲಟ್. ಇಬ್ಬರ ಲೆಕ್ಕ ತಾಳೆಯಾಗದಿದ್ದರೆ ಯಾರ ಮಾತು ನಡೆಯಬೇಕು?

ನಿಯಮ ಸ್ಪಷ್ಟವಾಗಿಯೇ ಇದೆ. ರನ್‌ವೇ ಗೊತ್ತುಮಾಡುವುದು ಟವರು; ತನ್ನ ವಿಮಾನದ ಸುರಕ್ಷತೆಯ ಕೊನೆಯ ತೀರ್ಮಾನ ಪೈಲಟ್‌ನದು. ‘ಅನೇಬಲ್’ (ಆಗಲ್ಲ) ಎಂದರೆ ಸಾಕು. ಕಂಟ್ರೋಲರ್ ಒತ್ತಾಯಿಸಿದರೆ ಅದು ಹಟವೂ ಅಲ್ಲ. ಒಬ್ಬ ಪೈಲಟ್ ಆಚೆ ತುದಿ ಬೇಕೆಂದರೆ ಸಾಲಿನಲ್ಲಿರುವ ಉಳಿದವರೆಲ್ಲ ಕಾಯಬೇಕು. ಆದರೆ ಪೈಲಟ್‌ನ ಲೆಕ್ಕ ಬೇರೆ. ಗಂಟೆಗೆ 240 ಕಿ.ಮೀ. ವೇಗದಲ್ಲಿ ಇಳಿಯುವ ವಿಮಾನಕ್ಕೆ 20 ಕಿ.ಮೀ. ಗಾಳಿ ಎದುರಿಗಿದ್ದರೆ ನೆಲದ ಮೇಲಿನ ವೇಗ 220, ಬೆನ್ನಿಗಿದ್ದರೆ 260. ಬ್ರೇಕು ಅರಗಿಸಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು ಶೇ 40ರಷ್ಟು ಹೆಚ್ಚಾಯಿತು. ಮೇಲೆ ಮಳೆಯೂ ಬಂದಿದ್ದರೆ ಹೇಳುವುದೇ ಬೇಡ.

ಕೋಯಿಕ್ಕೋಡು ಬಳಿಯ ಕರಿಪ್ಪೂರಿನಲ್ಲಿ 2020ರ ಆಗಸ್ಟ್ 7ರ ರಾತ್ರಿ ನಡೆದದ್ದು ಇದೇ. ದುಬೈಯಿಂದ 190 ಜನರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮೊದಲು ರನ್‌ವೇ 28ಕ್ಕೆ ಬಂತು. ಕ್ಯಾಪ್ಟನ್ ಎದುರಿನ ವೈಪರ್ ಕೈಕೊಟ್ಟಿತು, ಇಳಿಯದೆ ಮೇಲೇರಿದರು. ಅಷ್ಟರಲ್ಲಿ ಹೊರಡಲಿದ್ದ ಇನ್ನೊಂದು ವಿಮಾನ ಆಚೆ ತುದಿಯ 10 ಬೇಕೆಂದು ಕೇಳಿತು, ಟವರು ಒಪ್ಪಿತು. ನಿಮಗೂ 10 ಆಗುತ್ತದೆಯೇ ಎಂದು ಕಂಟ್ರೋಲರ್ ಕೇಳಿದರು. ಪೈಲಟ್‌ಗಳು ಗಾಳಿ ಎಷ್ಟು, ಎಷ್ಟು ದೂರ ಕಾಣುತ್ತದೆ ಎಂದು ವಿಚಾರಿಸಿ ಒಪ್ಪಿಕೊಂಡರು. ಬೆನ್ನಿಗೆ ಗಾಳಿ, ಕೆಳಗೆ ಒದ್ದೆ ರನ್‌ವೇ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಅರ್ಧ ರನ್‌ವೇ ಮುಗಿದಿತ್ತು. ಗುಡ್ಡದ ಅಂಚಿನಿಂದ ಕೆಳಗುರುಳಿದ ವಿಮಾನದಲ್ಲಿ 21 ಜನ ತೀರಿಕೊಂಡರು. ಬೆನ್ನ ಗಾಳಿಯ ಪರಿಣಾಮ ಯೋಚಿಸದೆ ಅವಸರದಲ್ಲಿ ರನ್‌ವೇ ಬದಲಿಸಿದ್ದನ್ನು ತನಿಖಾ ವರದಿ ಎತ್ತಿ ತೋರಿಸಿತು. ಮುಖ್ಯ ತಪ್ಪು ಕಾಕ್‌ಪಿಟ್‌ನದೆಂದೇ ಅದರ ನಿಲುವು. ನನ್ನನ್ನು ಕಾಡುವುದು ಬೇರೆ: ಟವರಿನೊಂದಿಗಿನ ಇಡೀ ಮಾತುಕತೆಯಲ್ಲಿ ಒಂದು ತಕರಾರೂ ಇಲ್ಲ. ಕೇಳಿದವರು ಮರ್ಯಾದೆಯಿಂದ ಕೇಳಿದರು, ಒಪ್ಪಿದವರು ಮರ್ಯಾದೆಯಿಂದ ಒಪ್ಪಿದರು. ಬೇಡ ಎಂಬ ಮಾತು ಬಂದದ್ದು ಸಹಪೈಲಟ್‌ನಿಂದ, ನೆಲ ಮುಟ್ಟುವ ಕ್ಷಣದಲ್ಲಿ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ದುರಂತದಲ್ಲೂ ‘ಗೋ ಅರೌಂಡ್’ (ಇಳಿಯದೆ ಮೇಲೇರಿ) ಎಂದವರು ಪಕ್ಕದ ಸೀಟಿನವರೇ.

ಹಾಗಂತ ಪ್ರತಿ ಪೈಲಟೂ ಚೌಕಾಸಿಗೆ ನಿಂತರೆ ಆಕಾಶ ಚನ್ನಪಟ್ಟಣದ ಸಂತೆಯಾಗುವುದಿಲ್ಲವೇ? ಆಗುವುದಿಲ್ಲ ಎಂದು ನನ್ನ ಲೆಕ್ಕ. ಒಲ್ಲೆ ಎಂದ ಪೈಲಟ್ ಅದಕ್ಕೆ ಬೆಲೆ ತೆರುತ್ತಾನೆ: ಸುತ್ತು ಹೊಡೆಯಬೇಕು, ಇಂಧನ ಸುಡಬೇಕು, ಕೊನೆಗೆ ಬೇರೆ ಊರಿಗೂ ಹೋಗಬೇಕಾದೀತು. ಸುಮ್ಮಸುಮ್ಮನೆ ಯಾರೂ ಅಷ್ಟು ತೆರುವುದಿಲ್ಲ. ಮೇಲಾಗಿ ಟವರಿನ ಮಾತೆಲ್ಲ ಒಂದೇ ಜಾತಿಯದಲ್ಲ. ರನ್‌ವೇ ಯಾವುದು ಎಂಬುದಕ್ಕೆ ನಿಮಿಷಗಳ ಬಿಡುವಿದೆ, ವಾದಿಸಬಹುದು. ಬೇರೊಂದು ವಿಮಾನ ಎದುರಾದಾಗ ಆ ಬಿಡುವಿಲ್ಲ.

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನಲ್ಲಿ ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ್ದರಲ್ಲಿ ಇಳಿಯುತ್ತಿದ್ದವು. ದಕ್ಷಿಣದ್ದನ್ನು ಮುಚ್ಚಿ ಎಲ್ಲವನ್ನೂ ಉತ್ತರದಲ್ಲೇ ನಡೆಸೋಣ ಎಂದು ಪಾಳಿಯ ಮೇಲ್ವಿಚಾರಕರು ತೀರ್ಮಾನಿಸಿದರು; ದಕ್ಷಿಣ ಟವರಿಗೆ ಆ ಸುದ್ದಿ ಮುಟ್ಟಲೇ ಇಲ್ಲ. ಕೋಲ್ಕತ್ತಕ್ಕೊಂದು, ಭುವನೇಶ್ವರಕ್ಕೊಂದು, ಎರಡು ಇಂಡಿಗೋ ವಿಮಾನಗಳು ಎರಡು ರನ್‌ವೇಗಳಿಂದ ಒಟ್ಟಿಗೇ ಏರಿ ಒಂದರತ್ತ ಒಂದು ವಾಲತೊಡಗಿದವು. ಎರಡೂ ಕಡೆಯ ಪೈಲಟ್‌ಗಳು ತಮಗೆ ಸಿಕ್ಕ ಅನುಮತಿಯಂತೆಯೇ ನಡೆದಿದ್ದರು. ಪರದೆಯ ಮೇಲೆ ಅದನ್ನು ಕಂಡದ್ದು ರೇಡಾರ್ ಕಂಟ್ರೋಲರ್. ತಿರುಗಿ ಎಂದರು, ಏಕೆ, ಏನು ಎಂದು ಕೇಳದೆ ತಿರುಗಿದರು.