ಮಾಟದ ಅಪರಾಧವೂ ಪೋಲೀಸರ ಸಿದ್ಧತೆಯೂ

ಅಮಾನವೀಯ ದುಷ್ಟಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಗಟ್ಟುವ ಕರ್ನಾಟಕದ ಶಾಸನವು 2017ರಲ್ಲಿ ಅಂಗೀಕೃತವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಭಾನಾಮತಿಯ ಹೆಸರಿನ ಹಿಂಸೆಗೆ ಏಳು ವರ್ಷಗಳ ವರೆಗಿನ ಸೆರೆವಾಸವನ್ನು ಅದು ವಿಧಿಸಿದೆ. ಆದರೆ ಹೊಸ್ತಿಲ ಮೇಲಿನ ನಿಂಬೆಹಣ್ಣನ್ನು ದಾಟಲು ತಾನೇ ಅಂಜುವ ಫೌಜದಾರನ ಕೈಯಲ್ಲಿ ಎಂಥ ಶಾಸನವಾದರೂ ಏನು ಮಾಡೀತು?

ಮಾಂತ್ರಿಕನನ್ನು ಹಿಡಿಯಲು ಪ್ರತಿಮಂತ್ರವು ಬೇಡ. ರಸಾಯನಶಾಸ್ತ್ರದ ನಾಲ್ಕು ಪಾಠಗಳು ಬೇಕು. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಅದು ‘ರಕ್ತ’ವಾಗುವುದನ್ನು ಓಕುಳಿ ಕದಡುವ ಗೃಹಿಣಿಯೇ ಬಲ್ಲಳು. ಬಿಳಿಯ ರಂಜಕವು ಗಾಳಿ ಸೋಂಕಿದೊಡನೆ ತಾನಾಗಿ ಹೊತ್ತಿಕೊಳ್ಳುವುದು. ‘ಭಾನಾಮತಿಯ ಬೆಂಕಿ’ ಬಿದ್ದಲ್ಲಿ ಬೂದಿಯನ್ನು ಪಂಚನಾಮೆಯೊಡನೆ ಪ್ರಯೋಗಶಾಲೆಗೆ ಕಳಿಸುವ ಕ್ರಮವನ್ನು ಧಾರವಾಡದ ಪೋಲೀಸು ತರಬೇತಿ ಶಾಲೆಯಲ್ಲಿ ಚೆನ್ನಾಗಿ ಕಲಿಸಿದರಲ್ಲವೇ ಸಾಕ್ಷ್ಯವು ನ್ಯಾಯಾಲಯದಲ್ಲಿ ನಿಲ್ಲುವುದು?

ಇದೆಲ್ಲ ಪಾಶ್ಚಾತ್ಯರ ನಾಸ್ತಿಕಬುದ್ಧಿಯೆಂದು ಆಕ್ಷೇಪಿಸುವವರು, ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರವನ್ನು ತೆರೆದು ನೋಡಲಿ. ಅದರ ಕಂಟಕಶೋಧನಾಧಿಕರಣದಲ್ಲಿ ಗೂಢಚಾರರು ಸಿದ್ಧರ ವೇಷ ತೊಟ್ಟು, ಬಾಗಿಲು ತೆರೆಯುವ ಮಂತ್ರವನ್ನು ಬಲ್ಲೆವೆಂದು ಕಳ್ಳರನ್ನು ನಂಬಿಸುವರು. ಒಳಗಿನವರೊಡನೆ ಮೊದಲೇ ಸಂಕೇತವಾಗಿರುವುದರಿಂದ ಬಾಗಿಲು ತೆರೆಯುವುದು! (ಔಪನಿಷದಿಕದ ಯೋಗಗಳನ್ನು ಕೌಟಿಲ್ಯನು ನಂಬಿದ್ದನೋ ಇಲ್ಲವೋ, ಅದು ಬೇರೆ ಮಾತು.) ಅಲ್ಲಿ ಮರುಳಾಗುವವನು ಕಳ್ಳನು, ಕಾವಲಿನವನಲ್ಲ.

ಶಾಸನವಾದರೋ ಪ್ರದಕ್ಷಿಣೆಯನ್ನಾಗಲಿ ಹರಿಕಥೆಯನ್ನಾಗಲಿ ಮುಟ್ಟಿಲ್ಲ. ಹಾವು ಕಡಿದವನಿಗೆ ಚಿಕಿತ್ಸೆ ದೊರೆಯದಂತೆ ತಡೆದು ಮಂತ್ರ ಹಾಕುವವನನ್ನು ಮುಟ್ಟಿದೆ. ಅಂಥಲ್ಲಿಗೆ ಹೋದ ಫೌಜದಾರನು ಕಡಿಸಿಕೊಂಡವನನ್ನು ತನ್ನ ವಾಹನದಲ್ಲಿಯೇ ಮೊದಲು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಒಯ್ಯಲಿ. ಮಾಂತ್ರಿಕನನ್ನು ಆಮೇಲೆ ಠಾಣೆಗೆ ಒಯ್ಯಲಿ.