ಗಣಿತದ ಕವಲುದಾರಿ: ಆಯ್ಕೆ ಯಾರದು?

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ಪದವಿಪೂರ್ವ ಕಾಲೇಜುಗಳ ಕಚೇರಿಯ ಮುಂದೆ ಹೆತ್ತವರ ಸಾಲು ಬೆಳೆಯುತ್ತದೆ. ಯಾವ ಕಾಲೇಜು, ಯಾವ ವಿಭಾಗ, ಶುಲ್ಕವೆಷ್ಟು ಎಂಬ ವಿಚಾರಣೆಗಳ ನಡುವೆ ಹೆಚ್ಚು ಯೋಚನೆಯಿಲ್ಲದೆ ಇತ್ಯರ್ಥವಾಗಿಬಿಡುವ ಪ್ರಶ್ನೆಯೊಂದಿದೆ: ಮಗು ಗಣಿತವನ್ನು ಮುಂದುವರಿಸಬೇಕೇ, ಇಲ್ಲಿಗೇ ಬಿಡಬೇಕೇ? ಹದಿನೈದು ಹದಿನಾರರ ಪ್ರಾಯದಲ್ಲಿ ಕೈಗೊಳ್ಳುವ ಈ ತೀರ್ಮಾನವು ಮುಂದಿನ ಅನೇಕ ವರ್ಷಗಳ ದಾರಿಯನ್ನು ನಿರ್ಧರಿಸುತ್ತದೆ. ಆದುದರಿಂದ ಪ್ರೌಢಶಾಲೆಯ ಗಣಿತ ಶಿಕ್ಷಣದಲ್ಲಿ ಇತ್ತೀಚಿನ ವರ್ಷಗಳಲ್ಲಿ ಆಗಿರುವ ಬದಲಾವಣೆಗಳನ್ನು ನಾವು ಸಾವಧಾನದಿಂದ ಅವಲೋಕಿಸುವುದು ಅವಶ್ಯ.

ಸ್ವಾತಂತ್ರ್ಯಾನಂತರದ ಶಿಕ್ಷಣ ಚಿಂತನೆಯಲ್ಲಿ 1964–66ರ ಕೊಠಾರಿ ಆಯೋಗದ ವರದಿಗೆ ವಿಶೇಷ ಸ್ಥಾನವಿದೆ. ಶಾಲಾ ಜೀವನದ ಮೊದಲ ಹತ್ತು ವರ್ಷಗಳಲ್ಲಿ ಗಣಿತ ಮತ್ತು ವಿಜ್ಞಾನ ಎಲ್ಲರಿಗೂ ಕಡ್ಡಾಯವಾಗಿರಬೇಕೆಂದು ಅದು ಶಿಫಾರಸು ಮಾಡಿತು. ಗಂಡುಮಕ್ಕಳಿಗೊಂದು, ಹೆಣ್ಣುಮಕ್ಕಳಿಗೊಂದು ಪಠ್ಯಕ್ರಮ ಸಲ್ಲದೆಂಬ ಹಂಸಾ ಮೆಹ್ತಾ ಸಮಿತಿಯ ಅಭಿಪ್ರಾಯವನ್ನೂ ಎತ್ತಿಹಿಡಿಯಿತು. ಬಡವನ ಮಗಳಾಗಲಿ, ಸಾಹುಕಾರನ ಮಗನಾಗಲಿ, ಹತ್ತನೆಯ ತರಗತಿಯವರೆಗೆ ಒಂದೇ ಗಣಿತವನ್ನು ಕಲಿಯಬೇಕೆಂಬ ಈ ತತ್ತ್ವದಲ್ಲಿ ಸಮಾನತೆಯ ದೊಡ್ಡ ಆಶಯ ಅಡಗಿತ್ತು.

ಆದರೆ ಆಶಯ ಒಂದು, ಅನುಭವ ಇನ್ನೊಂದು. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅನೇಕ ಮಕ್ಕಳನ್ನು ಎಡವಿಸುವ ವಿಷಯ ಗಣಿತವೇ ಆಯಿತು. ಉಳಿದೆಲ್ಲ ವಿಷಯಗಳಲ್ಲಿ ಚೆನ್ನಾಗಿ ಉತ್ತೀರ್ಣನಾದ ಹುಡುಗನೂ ಗಣಿತದ ಕೆಲವೇ ಅಂಕಗಳ ಕೊರತೆಯಿಂದ ಮನೆಯಲ್ಲಿ ಕೂರಬೇಕಾದ ಪ್ರಸಂಗಗಳು ನಮಗೆ ಅಪರಿಚಿತವಲ್ಲ. ಈ ಭಯವನ್ನು ತಗ್ಗಿಸುವ ಉದ್ದೇಶದಿಂದ, ಗಣಿತ ಮತ್ತು ಇಂಗ್ಲಿಷ್ ಪರೀಕ್ಷೆಗಳನ್ನು ಎರಡು ಸ್ತರಗಳಲ್ಲಿ ನಡೆಸಬಹುದೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸೂಚಿಸಿತು.

ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಅಂದರೆ ಸಿಬಿಎಸ್‌ಇ, 2019ರ ಜನವರಿಯಲ್ಲಿ ಇದನ್ನು ಕಾರ್ಯರೂಪಕ್ಕೆ ತರಲು ಮುಂದಾಯಿತು. 2020ರ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ 'ಸ್ಟ್ಯಾಂಡರ್ಡ್' ಮತ್ತು 'ಬೇಸಿಕ್' ಎಂಬ ಎರಡು ಬಗೆಯ ಗಣಿತ ಪ್ರಶ್ನೆಪತ್ರಿಕೆಗಳು ಮೊದಲ ಬಾರಿಗೆ ಬಂದವು. ಪಠ್ಯಪುಸ್ತಕ ಒಂದೇ, ತರಗತಿಯ ಪಾಠ ಒಂದೇ, ಆಂತರಿಕ ಮೌಲ್ಯಮಾಪನವೂ ಒಂದೇ. ಬೇರೆಯಾದದ್ದು ವರ್ಷಾಂತ್ಯದ ಪ್ರಶ್ನೆಗಳ ಕಾಠಿಣ್ಯ ಮಾತ್ರ. ಮುಂದೆ ಗಣಿತವನ್ನು ಓದದವರಿಗಾಗಿ 'ಬೇಸಿಕ್' ಎಂಬುದು ಮಂಡಳಿಯ ಆಗಿನ ವಿವರಣೆ. ಅದರಲ್ಲಿ ಉತ್ತೀರ್ಣರಾದವರು ಮನಸ್ಸು ಬದಲಾಯಿಸಿದರೆ ಪೂರಕ ಪರೀಕ್ಷೆಯಲ್ಲಿ 'ಸ್ಟ್ಯಾಂಡರ್ಡ್' ಬರೆಯುವ ಅವಕಾಶವನ್ನೂ ಇರಿಸಲಾಗಿತ್ತು. ಕೋವಿಡ್ ಪಿಡುಗಿನ ಕಾರಣ 2020–21ರಲ್ಲಿ ಆ ನಿಬಂಧನೆಯೂ ಸಡಿಲವಾಯಿತು. ಅದೇ ವರ್ಷ ಹನ್ನೊಂದನೆಯ ತರಗತಿಗೆ 'ಅನ್ವಯಿಕ ಗಣಿತ'ವೆಂಬ ಹೊಸ ವಿಷಯ ಬಂದಿತು. ಸಾಲದ ಮಾಸಿಕ ಕಂತು, ಸೂಚ್ಯಂಕ, ಸಂಭವನೀಯತೆ ಮೊದಲಾದವುಗಳಿಗೆ ಪ್ರಾಧಾನ್ಯವಿತ್ತ ಈ ವಿಷಯವು ವಾಣಿಜ್ಯ ಮತ್ತು ಸಮಾಜ ವಿಜ್ಞಾನದ ವಿದ್ಯಾರ್ಥಿಗಳಿಗೆ ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಆರಂಭಿಸಿ ಎಲ್ಲ ವಿಷಯಗಳನ್ನು ಎರಡು ಸ್ತರಗಳಲ್ಲಿ ನೀಡಬಹುದೆಂದು ಹೇಳಿದೆ. ಆದರೆ ಆ ಸ್ತರಗಳು 'ಸಾಮಾನ್ಯ' ಮತ್ತು 'ಉನ್ನತ'. ಎಲ್ಲರಿಗೂ ಬೇಕಾದುದನ್ನು ಸಾಮಾನ್ಯವೆಂದು ಕರೆದು, ಆಸಕ್ತಿಯುಳ್ಳವರಿಗೆ ಅದರ ಮೇಲೆ ಇನ್ನಷ್ಟನ್ನು ನೀಡುವುದು ಈ ಕ್ರಮ. ಸಾಮಾನ್ಯ ಮಟ್ಟದ ಕೆಳಗೆ ಇನ್ನೊಂದು ಮೆಟ್ಟಿಲನ್ನು ಕಟ್ಟುವುದು ಬೇರೆಯೇ ಕ್ರಮ. ಮೊದಲನೆಯದರಲ್ಲಿ ಹೆಚ್ಚು ಓದದ ಮಗುವಿಗೆ ಕೀಳರಿಮೆಯಿಲ್ಲ. ಎರಡನೆಯದರಲ್ಲಿ 'ನೀನು ಇಷ್ಟಕ್ಕೇ ಲಾಯಕ್ಕು' ಎಂಬ ಹಣೆಪಟ್ಟಿ ತಗಲುವ ಅಪಾಯವಿದೆ.

ನಮ್ಮ ರಾಜ್ಯದ ವ್ಯವಸ್ಥೆ ಬೇರೆ. ಎಸ್ಸೆಸ್ಸೆಲ್ಸಿಯಲ್ಲಿ ಸಾಮಾನ್ಯವಾಗಿ ಎಲ್ಲರೂ ಒಂದೇ ಗಣಿತ ಪತ್ರಿಕೆಯನ್ನು ಬರೆಯುತ್ತಾರೆ. ಕವಲು ಒಡೆಯುವುದು ಪಿಯುಸಿಯಲ್ಲಿ. ವಿಜ್ಞಾನ ವಿಭಾಗದವರಿಗೆ ಪೂರ್ಣ ಗಣಿತವಿದೆ. ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರಗಳ ಜೊತೆಗೆ ನಾಲ್ಕನೆಯದಾಗಿ ಸಂಖ್ಯಾಶಾಸ್ತ್ರ, ಗಣಕ ವಿಜ್ಞಾನ, ಇತಿಹಾಸ ಅಥವಾ 'ಬೇಸಿಕ್ ಮ್ಯಾಥ್ಸ್' ಎನ್ನಲಾಗುವ ಮೂಲ ಗಣಿತವನ್ನು, ಕಾಲೇಜಿನಲ್ಲಿ ಲಭ್ಯವಿದ್ದರೆ, ಆರಿಸಿಕೊಳ್ಳಬಹುದು. 'ಲಭ್ಯವಿದ್ದರೆ' ಎಂಬ ಮಾತೇ ಇಲ್ಲಿ ಮುಖ್ಯ. ಗ್ರಾಮಾಂತರದ ಸಣ್ಣ ಕಾಲೇಜಿನಲ್ಲಿ ಉಪನ್ಯಾಸಕರಿಲ್ಲದಿದ್ದರೆ ಆಯ್ಕೆಯೆಂಬುದು ವಿವರಣ ಪತ್ರಿಕೆಯ ಮುದ್ರಿತ ಅಕ್ಷರವಾಗಿಯೇ ಉಳಿಯುತ್ತದೆ.

ಗಣಿತವನ್ನು ಬಿಟ್ಟರೆ ಮುಚ್ಚಿಹೋಗುವ ಬಾಗಿಲುಗಳು ಯಾವುವು? ಎಂಜಿನಿಯರಿಂಗ್ ಎಂಬುದು ಎಲ್ಲರಿಗೂ ಗೊತ್ತು. ಆದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ವಾಯುಪಡೆ ಮತ್ತು ನೌಕಾಪಡೆಯ ವಿಭಾಗಗಳಿಗೂ ಭೌತಶಾಸ್ತ್ರದೊಂದಿಗೆ ಗಣಿತ ಬೇಕು. ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಗಣಿತ ಓದಿರಬೇಕು. 'ವಾಣಿಜ್ಯಕ್ಕೇಕೆ ಗಣಿತ' ಎಂದು ಅದನ್ನು ತೊರೆದ ವಿದ್ಯಾರ್ಥಿ ಲೆಕ್ಕಪರಿಶೋಧಕನಾಗಲು ಹೊರಟರೆ, ಸಿಎ ಫೌಂಡೇಶನ್ ಪರೀಕ್ಷೆಯಲ್ಲಿ ವ್ಯಾವಹಾರಿಕ ಗಣಿತ ಮತ್ತು ಸಂಖ್ಯಾಶಾಸ್ತ್ರಗಳು ಪುನಃ ಎದುರಾಗುತ್ತವೆ. ಇವುಗಳನ್ನು ತಿಳಿದೂ ಗಣಿತವನ್ನು ಬಿಡುವ ಮಗುವಿನ ನಿರ್ಧಾರಕ್ಕೆ ನಾವು ಗೌರವ ಕೊಡಬೇಕು. ಭಾಷೆ, ಕಲೆ, ಶುಶ್ರೂಷೆ, ಕಾನೂನು – ಇವು ಯಾವುವೂ ಕಡಿಮೆಯ ದಾರಿಗಳಲ್ಲ. ತಿಳಿಯದೆ ಬಿಡುವುದೇ ದುರದೃಷ್ಟಕರ.

ಈ ಆಯ್ಕೆಯನ್ನು ನಿಜವಾಗಿ ಮಾಡುವವರಾರು ಎಂಬುದು ಇನ್ನೂ ಗಂಭೀರವಾದ ಪ್ರಶ್ನೆ. ವಿದ್ಯಾವಂತ ಹೆತ್ತವರಿರುವ ಮನೆಯಲ್ಲಿ ನಾಲ್ಕು ಮಂದಿಯೊಡನೆ ಸಮಾಲೋಚನೆ ನಡೆಯುತ್ತದೆ. ತಾಯಿ ಬೀಡಿ ಕಟ್ಟಿ, ತಂದೆ ಕೂಲಿ ಮಾಡಿ ಓದಿಸುವ ಮನೆಯಲ್ಲಿ ಶಾಲೆಯವರು ಹೇಳಿದ್ದೇ ವೇದವಾಕ್ಯ. ಶೇಕಡಾ ನೂರು ಫಲಿತಾಂಶದ ಫಲಕವನ್ನು ಗೇಟಿಗೆ ತೂಗಹಾಕುವ ಹಂಬಲವುಳ್ಳ ಶಾಲೆಗೆ, ಸಂದೇಹಾಸ್ಪದ ವಿದ್ಯಾರ್ಥಿಯನ್ನು ಸುಲಭದ ದಾರಿಗೆ ತಳ್ಳುವ ಪ್ರಲೋಭನೆ ಸಹಜ. ಹೆಣ್ಣುಮಗಳಾದರೆ 'ಇವಳಿಗೇಕೆ ಅಷ್ಟು ಕಷ್ಟ' ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕೊಠಾರಿ ಆಯೋಗ ಮುಂಬಾಗಿಲಲ್ಲಿ ತಡೆದ ಭೇದವು ಹೀಗೆ ಹಿಂಬಾಗಿಲಿನಿಂದ ಒಳನುಸುಳಬಾರದು.

ಆದುದರಿಂದ ಎರಡು ದಾರಿಗಳು ಇರಲಿ; ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆಯೂ ಇರಲಿ. ಶಾಲೆ ಆರಂಭವಾಗುವ ಜೂನ್ ತಿಂಗಳಲ್ಲಿ 'ಸೇತುಬಂಧ'ವೆಂಬ ಹೆಸರಿನಲ್ಲಿ ಹಿಂದಿನ ತರಗತಿಯ ಪಾಠಗಳನ್ನು ಮನನ ಮಾಡಿಸುವ ಪದ್ಧತಿ ನಮ್ಮ ರಾಜ್ಯದ ಶಾಲೆಗಳಲ್ಲಿ ಇದ್ದೇ ಇದೆ. ಗಣಿತದಲ್ಲಿ ಹಿಂದುಳಿದ ಅಥವಾ ತಡವಾಗಿ ಅದರತ್ತ ಮನಸ್ಸು ತಿರುಗಿಸಿದ ವಿದ್ಯಾರ್ಥಿಗೆ ಪಿಯುಸಿ ಹಂತದಲ್ಲಿಯೂ ಇಂತಹುದೇ ವ್ಯವಸ್ಥೆ ಏಕಿರಬಾರದು? 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಎಂಜಿನಿಯರಿಂಗ್ ಪ್ರವೇಶಕ್ಕೆ ಗಣಿತದ ಕಡ್ಡಾಯವನ್ನು ಸಡಿಲಿಸಿ, ಕೊರತೆಯನ್ನು ಕಾಲೇಜಿನ ಸೇತು ಕೋರ್ಸುಗಳು ತುಂಬಲಿ ಎಂದಾಗ ತೀವ್ರ ಆಕ್ಷೇಪ ಕೇಳಿಬಂದಿತು. ಆ ಆಕ್ಷೇಪದಲ್ಲಿ ಹುರುಳಿತ್ತು. ಸೇತುವೆಯನ್ನು ಕಟ್ಟಬೇಕಾದುದು ಪ್ರೌಢಶಾಲೆ ಮತ್ತು ಪಿಯುಸಿಯ ನಡುವೆ. ಪದವಿಯ ಹೊಸ್ತಿಲಲ್ಲಿ ಕಟ್ಟಹೊರಟರೆ ಕಾಲ ಮಿಂಚಿರುತ್ತದೆ.

ಶಾಲಾ ಕಾಲೇಜುಗಳನ್ನು ನಡೆಸುವ ನಮ್ಮ ಸಂಸ್ಥೆಗಳಿಗೂ, ಚರ್ಚಿನ ಸಭಾಭವನಗಳಲ್ಲಿ ವೃತ್ತಿ ಮಾರ್ಗದರ್ಶನ ಶಿಬಿರಗಳನ್ನು ಏರ್ಪಡಿಸುವ ಸಂಘಟನೆಗಳಿಗೂ ಇಲ್ಲಿ ಕರ್ತವ್ಯವಿದೆ. ಫಲಿತಾಂಶ ಬಂದ ಮೇಲೆ ಶಿಬಿರ ನಡೆಸಿದರೆ ಸಾಲದು. ಒಂಬತ್ತನೆಯ ತರಗತಿಯಲ್ಲಿಯೇ ಹೆತ್ತವರನ್ನು ಕರೆದು, ಯಾವ ಗಣಿತವನ್ನು ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ, ಮರಳಿ ಬರುವ ಬಗೆ ಯಾವುದು ಎಂಬುದನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ನಿವೃತ್ತ ಗಣಿತ ಶಿಕ್ಷಕರು ಪ್ರತಿ ಊರಿನಲ್ಲಿಯೂ ಇದ್ದಾರೆ. ವಾರಕ್ಕೆ ಎರಡು ಸಂಜೆ ಅವರು ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಭಿನ್ನರಾಶಿ, ಬೀಜಗಣಿತಗಳನ್ನು ಬಿಡಿಸಿ ಹೇಳಿದರೆ, 'ನನಗೆ ಗಣಿತ ಬಾರದು' ಎನ್ನುವ ಎಷ್ಟೋ ಮಕ್ಕಳು ಆ ಮಾತನ್ನು ಹಿಂತೆಗೆದುಕೊಂಡಾರು. ಬಳಿಕ ಅವರು ಯಾವ ದಾರಿ ಹಿಡಿದರೂ ಅದು ಅವರದೇ ಆಯ್ಕೆಯಾಗಿರುತ್ತದೆ.