ದತ್ತಸಂಚಯ: ಮಾಲೀಕರೂ ಕಲಿಯಬೇಕಾದ ವಿದ್ಯೆ

ಇಂದು ಅನೇಕ ಅಂಗಡಿ, ಕಾರ್ಖಾನೆಗಳಲ್ಲಿ ಗಣಕಯಂತ್ರವಿದೆ. ಬಿಲ್ಲು, ದಾಸ್ತಾನು, ಜಿಎಸ್‌ಟಿ ವಿವರಗಳೆಲ್ಲವೂ ಅದರಲ್ಲಿಯೇ ಅಡಗಿವೆ. ಆದರೆ 45 ದಿನ ಮೀರಿದರೂ ಹಣ ಸಲ್ಲಿಸದ ಗಿರಾಕಿಗಳು ಯಾರೆಂಬ ಸರಳ ಪ್ರಶ್ನೆ ಎದುರಾದಾಗ ಅನೇಕ ಮಾಲೀಕರು ತಂತ್ರಾಂಶ ಮಾರಿದವರ ದಾರಿ ಕಾಯುತ್ತಾರೆ. ಕಿರು ಮತ್ತು ಸಣ್ಣ ಉದ್ಯಮಗಳು ಪೂರೈಸಿದ ಸರಕಿನ ಹಣ ಗರಿಷ್ಠ 45 ದಿನಗಳೊಳಗೆ ಪಾವತಿಯಾಗಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ವಿಧಿಸಿದೆ. ವಿಳಂಬಕ್ಕೆ ಬಡ್ಡಿಯನ್ನೂ ಗೊತ್ತುಪಡಿಸಿದೆ. ಹಕ್ಕು ಕಾಯ್ದೆಯಲ್ಲಿದೆ, ಪುರಾವೆ ಗಣಕದಲ್ಲಿದೆ. ಅದನ್ನು ಹೊರತೆಗೆಯುವ ವಿದ್ಯೆಯೊಂದು ಮಾಲೀಕರಲ್ಲಿಲ್ಲ.

ಆ ವಿದ್ಯೆಯೇನೂ ಹೊಸದಲ್ಲ. ಐಬಿಎಂ ಸಂಸ್ಥೆಯ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ದತ್ತಸಂಚಯದ ತತ್ತ್ವವೇ ಇಂದಿನ ಬಹುತೇಕ ವ್ಯಾಪಾರೀ ತಂತ್ರಾಂಶಗಳ ತಳಹದಿ. ರೋಜು ಪುಸ್ತಕದಲ್ಲಿ ಲೆಡ್ಜರಿನ ಪುಟಸಂಖ್ಯೆ ಬರೆಯುತ್ತಿದ್ದ ಹಳೆಯ ಗುಮಾಸ್ತರಿಗೆ ಇದು ಕೂಡಲೇ ಅರ್ಥವಾಗುತ್ತಿತ್ತು: ಗಿರಾಕಿಯ ವಿಳಾಸ ಒಂದೇ ಕಡೆ ಇರಬೇಕು, ಉಳಿದೆಡೆ ಅದರ ಸಂಖ್ಯೆ ಮಾತ್ರ ಸಾಕು.

ಎಕ್ಸೆಲ್ ಇರುವಾಗ ಇದೇಕೆ ಎಂಬ ವಾದವುಂಟು. ಸಣ್ಣ ಪಟ್ಟಿಗೆ ಎಕ್ಸೆಲ್ ಸಾಕು ಎಂಬುದು ನಿಜ. ಆದರೆ 2020ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯ ದೈನಂದಿನ ವರದಿಗಳಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋದದ್ದು, ಹಳೆಯ ಎಕ್ಸೆಲ್ ಕಡತದಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದಿದ್ದುದರಿಂದ.

ಕಲಿಕೆಗೆ ಹಣ ಬೇಕಿಲ್ಲ; ಎಸ್‌ಕ್ಯುಲೈಟ್, ಪೋಸ್ಟ್‌ಗ್ರೆಸ್ ಮುಂತಾದವು ಉಚಿತ. ಪಠ್ಯಪುಸ್ತಕದ ಕಾಲ್ಪನಿಕ ಉದಾಹರಣೆಗಳಿಗಿಂತ ತಮ್ಮದೇ ಒಂದು ತಿಂಗಳ ಬಿಲ್ಲುಗಳಿಂದ ಆರಂಭಿಸುವುದು ಲೇಸು. ಮೊದಲು ಕಾಗದದ ಮೇಲೆ ನಾಲ್ಕು ಕೋಷ್ಟಕಗಳನ್ನು ಗೆರೆ ಎಳೆದು ನೋಡಬೇಕು: ಗಿರಾಕಿ, ಸರಕು, ಬಿಲ್ಲು, ಬಿಲ್ಲಿನ ಸಾಲುಗಳು. ಗಿರಾಕಿಯ ಗುರುತಿಗೆ ಹೆಸರನ್ನಾಗಲಿ ಜಿಎಸ್‌ಟಿ ಸಂಖ್ಯೆಯನ್ನಾಗಲಿ ನೆಚ್ಚಬಾರದು. ಒಂದೇ ಹೆಸರಿನ ಇಬ್ಬರಿರುತ್ತಾರೆ. ಎರಡು ರಾಜ್ಯಗಳಲ್ಲಿ ವ್ಯವಹರಿಸುವ ಸಂಸ್ಥೆಗೆ ಎರಡು ಜಿಎಸ್‌ಟಿ ಸಂಖ್ಯೆಗಳು, ನೋಂದಣಿಯಿಲ್ಲದವರಿಗೆ ಒಂದೂ ಇಲ್ಲ. ತಾವೇ ಕೊಟ್ಟ ಕ್ರಮಸಂಖ್ಯೆಯೇ ಕ್ಷೇಮ.

ಆರಂಭಿಕರು ಹೆಚ್ಚಾಗಿ ಎಡವುವುದು ದರದ ವಿಷಯದಲ್ಲಿ. ಒಂದು ಸಂಗತಿ ಒಂದೇ ಕಡೆ ಎಂಬ ನಿಯಮವನ್ನು ಅತಿಯಾಗಿ ನಂಬಿ ತೆರಿಗೆ ದರವನ್ನು ಸರಕಿನ ಕೋಷ್ಟಕದಲ್ಲಿ ಮಾತ್ರ ಇಡುತ್ತಾರೆ. 2025ರ ಸೆಪ್ಟೆಂಬರ್ 22ರಂದು ಅನೇಕ ಸರಕುಗಳ ಜಿಎಸ್‌ಟಿ ಶೇ. 12ರಿಂದ 5ಕ್ಕೂ, ಶೇ. 28ರಿಂದ 18ಕ್ಕೂ ಇಳಿಯಿತು. ಹಾಗೆ ರಚಿಸಿದ ದತ್ತಸಂಚಯದಲ್ಲಿ ದರ ತಿದ್ದಿದೊಡನೆ ಹಳೆಯ ಬಿಲ್ಲುಗಳೂ ಹೊಸ ತೆರಿಗೆಯನ್ನು ತೋರಿಸುತ್ತವೆ. ಇಂದಿನ ದರ ಬೇರೆ, ಮಾರಿದ ದಿನದ ದರ ಬೇರೆ. ಎರಡನೆಯದು ಬಿಲ್ಲಿನ ಸಾಲಿನಲ್ಲಿಯೇ ಉಳಿಯಬೇಕು. ಹಣವನ್ನು ಫ್ಲೋಟ್ ಬಗೆಯಲ್ಲಿ ಇಟ್ಟರೆ ಪೈಸೆಗಳು ತಾಳೆಯಾಗದೆ ಕಾಡುತ್ತವೆ. ಡೆಸಿಮಲ್ ಬಗೆಯೇ ಸರಿ. ಎಸ್‌ಕ್ಯುಲೈಟ್‌ನಲ್ಲಾದರೆ ಪೈಸೆಗಳನ್ನು ಪೂರ್ಣಾಂಕವಾಗಿ ಇಡುವುದು ವಾಸಿ.

ಬಾಕಿದಾರರ ಪ್ರಶ್ನೆಗೂ ಒಂದು ತೊಡಕುಂಟು. ಹಣ ಬಾರದ ಬಿಲ್ಲಿನಲ್ಲಿ ಪಾವತಿಯ ದಿನಾಂಕ ಖಾಲಿಯಿರುತ್ತದೆ. ಈ ಖಾಲಿಗೆ ‘ನಲ್’ ಎಂದು ಹೆಸರು, ಅದು ಸೊನ್ನೆಯಲ್ಲ. ಸಮಚಿಹ್ನೆ ಹಾಕಿ ಹುಡುಕಿದರೆ ಒಂದು ಬಿಲ್ಲೂ ಸಿಗದು, ‘ಈಸ್ ನಲ್’ ಎಂದೇ ಕೇಳಬೇಕು. ಇದನ್ನರಿಯದವರು ಬಾಕಿಯೇ ಇಲ್ಲವೆಂದು ನೆಮ್ಮದಿಯಾಗಿ ಮಲಗಬಹುದು!

ತಿದ್ದುವ ಆಜ್ಞೆಯಾದ ‘ಅಪ್‌ಡೇಟ್’ ಅನ್ನು ‘ವೇರ್’ ಎಂಬ ಷರತ್ತಿಲ್ಲದೆ ಕೊಟ್ಟರೆ ಇಡೀ ಕೋಷ್ಟಕವೇ ಬದಲಾಗುತ್ತದೆ. ಅದೇ ಷರತ್ತಿನಿಂದ ಮೊದಲು ‘ಸೆಲೆಕ್ಟ್’ ಮಾಡಿ, ಎಷ್ಟು ಸಾಲುಗಳು ಬರುತ್ತವೆಂದು ಎಣಿಸುವ ಅಭ್ಯಾಸ ಬೆಳೆಯಬೇಕು. ಲೆಕ್ಕಪತ್ರದ ತಂತ್ರಾಂಶದೊಳಗಿನ ಮೂಲ ಕೋಷ್ಟಕಗಳನ್ನಂತೂ ನೇರವಾಗಿ ಮುಟ್ಟಲೇಬಾರದು. ಅಭ್ಯಾಸವೆಲ್ಲ ಪ್ರತಿಯ ಮೇಲೆ ನಡೆಯಲಿ.

ಬ್ಯಾಕಪ್ ತೆಗೆಯುವವರು ಬಹಳ, ಪರೀಕ್ಷಿಸುವವರು ವಿರಳ. ತಿಂಗಳಿಗೊಮ್ಮೆ ಅದನ್ನು ಬೇರೊಂದು ಗಣಕದಲ್ಲಿ ಮರುಸ್ಥಾಪಿಸಿ ಮಾರಾಟದ ಮೊತ್ತವನ್ನು ತಾಳೆ ನೋಡಬೇಕು. ಹೊಸ ತಂತ್ರಾಂಶ ಕೊಳ್ಳುವವರು, ಒಪ್ಪಂದ ಮುಗಿದ ದಿನ ಎಲ್ಲ ಕೋಷ್ಟಕಗಳೂ ಸಿಎಸ್‌ವಿ ಕಡತಗಳಾಗಿ ತಮ್ಮ ಕೈಸೇರಬೇಕೆಂಬ ಷರತ್ತನ್ನು ಮುಂಗಡ ಕೊಡುವ ಮುನ್ನವೇ ಬರೆಸಿಕೊಳ್ಳುವುದು ಒಳಿತು.